ಹಟ ಅಂದ್ರ ಇದು! ಅರುಂಧತಿ ಕಟ್ಟಿದ ಮನೆ, ನಮ್ಮಾಕೆ ಕಟ್ಟಿದ ಖೋಲಿ

ಶಂಕರ್‌ನಾಗ್ ಬಗ್ಗೆ ಲೇಖನ ಬರೆಯುವುದು ಬಲು ಸುಲಭ ಗೆಳೆಯರೇ! ‘ಆಟೋರಾಜ’ ಎಂದು ಮೊದಲ ಸಾಲಿನಲ್ಲಿ ಹಾಕಿಬಿಟ್ಟರೆ ಸಾಕು, ಹುಬ್ಬಳ್ಳಿ ರೈಲ್ವೆ ಸ್ಟೇಷನ್ ಮುಂದೆ ನಿಂತ ಅರ್ಧ ಆಟೋದವರು ಪತ್ರಿಕೆ ಕೊಳ್ಳುತ್ತಾರೆ. ಎರಡನೇ ಸಾಲಿಗೆ ‘ಮಿಂಚಿನ ಓಟ’, ಮೂರನೆಯದಕ್ಕೆ ‘ಸಾಂಗ್ಲಿಯಾನ’, ಕೊನೆಗೆ ಎರಡು ಹನಿ ಕಣ್ಣೀರು. ನಾನೂ ಹಾಗೆಯೇ ನಾಲ್ಕು ಹಾಳೆ ತುಂಬಿಸಿ, ದೇಶಪಾಂಡೆ ನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ನಮ್ಮಾಕೆ ಬಂದು ಹಾಳೆ ಎತ್ತಿಕೊಂಡು ನಿಂತಲ್ಲೇ ಓದಿದಳು.

“ಇದನ್ನ ಹ್ವಾದ ವರ್ಷಾನೂ ಬರದಿದ್ರಿ.”

“ಸೆಪ್ಟೆಂಬರ್ 30 ವರ್ಷಾ ಬರ್ತದಲ್ಲ?”

“ಬರ್ತದ. ಆದ್ರ ಆಮ್ಯಾಲ ಆ ಹೆಣ್ಮಗಳು ಏನ್ ಮಾಡಿದ್ಲು ಅಂತ ಯಾರೂ ಬರಿಯಂಗಿಲ್ಲ. ಹದಿನಾಕು ವರ್ಷ ಹಟಾ ಹಿಡದು ಮನಿ ಕಟ್ಟಿದ್ಲರೀ ಆಕಿ. ಅದನ್ನ ಬರೀರಿ.”

“ಅದು ಮನಿ ಅಲ್ಲ, ಥಿಯೇಟರ್.”

“ನಾಟಕದವ್ರಿಗೆ ಅದ ಮನಿ.”

ಮನೆ ಕಟ್ಟುವ ಹಟದ ವಿಷಯದಲ್ಲಿ ನಮ್ಮಾಕೆಯ ಮಾತಿಗೆ ಒಂದು ತೂಕವಿದೆ. ಅದು ಹೇಗೆಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಅರುಂಧತಿ ನಾಗ್ ಕತೆ ಕೇಳಿ.

ಮುಂಬಯಿಯ ಹುಡುಗಿ

‘ಜೋಗಿ’ಯಲ್ಲಿ ಶಿವಣ್ಣನನ್ನು ಹುಡುಕುತ್ತ ಬೆಂಗಳೂರಿನ ಬೀದಿ ಬೀದಿ ಅಲೆದ ತಾಯಿಯನ್ನು ನೀವು ಮರೆತಿಲ್ಲ. 2005ರ ಆ ಚಿತ್ರ ನೋಡಿ ಎದೆ ಹಿಂಡಿಸಿಕೊಂಡ ಎಷ್ಟೋ ಹುಡುಗರಿಗೆ, ಆ ತಾಯಿ ನಮ್ಮ ಕರಾಟೆ ಕಿಂಗ್‌ನ ಹೆಂಡತಿ ಎಂಬುದೇ ಗೊತ್ತಿರಲಿಲ್ಲ. ಕನ್ನಡ ಆಕೆಯ ಮನೆಮಾತೂ ಅಲ್ಲ. ಹುಟ್ಟಿದ್ದು ದಿಲ್ಲಿ, ಬೆಳೆದದ್ದು ಮುಂಬಯಿ. ಮರಾಠಿ, ಗುಜರಾತಿ, ಹಿಂದಿ ನಾಟಕಗಳಲ್ಲಿ ಬಣ್ಣ ಹಚ್ಚಿದ ಹುಡುಗಿ. ಹದಿನೇಳರ ವಯಸ್ಸಿನಲ್ಲಿ ಅಲ್ಲಿಯ ನಾಟಕದವರ ನಡುವೆಯೇ ಹೊನ್ನಾವರ ಕಡೆಯ ಒಬ್ಬ ಹುಡುಗನ ಪರಿಚಯ. ಆರು ವರ್ಷ ಕಳೆದ ಮೇಲೆ ಮದುವೆ, ಆಮೇಲೆ ಬೆಂಗಳೂರು. ಇಲ್ಲಿಗೆ ಬಂದು ಕನ್ನಡ ಕಲಿತು, ಕನ್ನಡ ರಂಗದ ಮೇಲೇ ನಿಂತಳು.

ಆ ಹುಡುಗನ ವಿಷಯ ನಾನು ಹೇಳಬೇಕೇ? 1978ರಲ್ಲಿ ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’. ಮೊದಲ ಚಿತ್ರಕ್ಕೇ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ. ಅಲ್ಲಿಂದ ಹನ್ನೆರಡೇ ವರ್ಷದಲ್ಲಿ 80ಕ್ಕೂ ಹೆಚ್ಚು ಚಿತ್ರ, ನಡುವೆ ಆಗುಂಬೆಯಲ್ಲಿ ಕ್ಯಾಮರಾ ಇಟ್ಟು ದೂರದರ್ಶನಕ್ಕೆ ‘ಮಾಲ್ಗುಡಿ ಡೇಸ್’, ಸಂಕೇತ್ ರೆಕಾರ್ಡಿಂಗ್ ಸ್ಟುಡಿಯೋ, ಬಡವರಿಗೆ ಅಗ್ಗದಲ್ಲಿ ಮನೆ ಕಟ್ಟುವ ತಂತ್ರದ ಹುಚ್ಚು ಬೇರೆ. ಇಷ್ಟರ ಮಧ್ಯೆ ಗಂಡ ಹೆಂಡಿರಿಬ್ಬರೂ ನಾಟಕ ಮಾತ್ರ ಬಿಡಲಿಲ್ಲ. ಅವರ ‘ಸಂಕೇತ್’ ತಂಡ ‘ಅಂಜುಮಲ್ಲಿಗೆ’, ‘27 ಮಾವಳ್ಳಿ ಸರ್ಕಲ್’, ‘ನಾಗಮಂಡಲ’ ಆಡಿತು. ಆದರೆ ಆಡಲು ಜಾಗ? 1963ರಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರ ಇತ್ತು, ಇಲ್ಲವೆನ್ನುವುದಿಲ್ಲ. ಅದು ದೊಡ್ಡ ಸಭಾಂಗಣ. ಸಣ್ಣ ತಂಡದ ನಾಟಕಕ್ಕೆ ಒಂದು ಸಣ್ಣ, ಆಪ್ತ ಜಾಗ ಬೇಕು, ಮುಂಬಯಿಯ ಜುಹೂದಲ್ಲಿ ಶಶಿಕಪೂರ್ ಮತ್ತು ಜೆನ್ನಿಫರ್ ದಂಪತಿ 1978ರಲ್ಲಿ ತೆರೆದ ಪೃಥ್ವಿ ಥಿಯೇಟರಿನಂಥದ್ದು. ಈ ಕನಸು ಇಬ್ಬರದೂ ಹೌದು.

1990ರ ಸೆಪ್ಟೆಂಬರ್ 30. ಬೆಳಗಿನ ಜಾವ. ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕಾಗಿ ಶಂಕರ್ ನಮ್ಮ ಧಾರವಾಡದ ಕಡೆಗೇ ಬರುತ್ತಿದ್ದರು. ದಾವಣಗೆರೆ ಹತ್ತಿರ ಆನಗೋಡು. ಲಾರಿ. ಮುಂದಿನದು ನಿಮಗೆ ಗೊತ್ತು. ವಯಸ್ಸು ಇನ್ನೂ 36 ತುಂಬಿರಲಿಲ್ಲ. ಅದೇ ಕಾರಿನಲ್ಲಿ ಅರುಂಧತಿ ಇದ್ದರು, ಪುಟ್ಟ ಮಗಳು ಇದ್ದಳು. ಇಬ್ಬರೂ ಗಾಯಗೊಂಡರು, ಬದುಕಿದರು. ನಾವು ಅಭಿಮಾನಿಗಳು ಆಟೋದ ಹಿಂದೆ ಚಿತ್ರ ಬರೆಸಿದೆವು, ವರ್ಷ ವರ್ಷ ಹಾರ ಹಾಕಿದೆವು. ಆಕೆ ಜಾಗ ಹುಡುಕಲು ಹೊರಟಳು.

1992ರಲ್ಲಿ ಸಂಕೇತ್ ಟ್ರಸ್ಟ್ ಆಯಿತು. 1994ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ಸರಕಾರದಿಂದ ಜಾಗ ಸಿಕ್ಕಿತು. ಜಾಗ ಸಿಕ್ಕಿದ್ದಕ್ಕೂ ಕಟ್ಟಡದ ಕೆಲಸ ಶುರುವಾಗಿದ್ದಕ್ಕೂ ನಡುವೆ ಏಳು ವರ್ಷ! 2001ಕ್ಕೆ ಕೆಲಸ, 2004ರ ಅಕ್ಟೋಬರ್ 28ಕ್ಕೆ ಬಾಗಿಲು ತೆರೆದದ್ದು. ಈ ತಾರೀಖುಗಳನ್ನು ಓದಿ ದಾಟಿಬಿಡಬೇಡಿ. ಶಂಕರ್ ತೀರಿಕೊಂಡಾಗ ವೀರೇಂದ್ರ ಪಾಟೀಲರು ಮುಖ್ಯಮಂತ್ರಿ. ಆಮೇಲೆ ಬಂಗಾರಪ್ಪ ಬಂದರು, ಮೊಯಿಲಿ ಬಂದರು, ದೇವೇಗೌಡರು, ಜೆ.ಎಚ್. ಪಟೇಲರು, ಎಸ್.ಎಂ. ಕೃಷ್ಣ. ಬಾಗಿಲು ತೆರೆಯುವ ಹೊತ್ತಿಗೆ ಧರ್ಮಸಿಂಗ್! ವಿಧಾನಸೌಧದಲ್ಲಿ ಒಂದು ಫೈಲು ಒಂದೇ ಮುಖ್ಯಮಂತ್ರಿಯ ಕಾಲದಲ್ಲಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವುದೇ ಪವಾಡ. ಕುರ್ಚಿಯಲ್ಲಿ ಹೊಸಬರು ಕೂತ ಹಾಗೆಲ್ಲ ಮೊದಲಿನಿಂದ ಕತೆ ಹೇಳಬೇಕು. ಸರಕಾರ ಕೊಟ್ಟದ್ದು ಸಾಲದೆ ಕಂಪನಿಗಳ ಹತ್ತಿರ, ಜನರ ಹತ್ತಿರ ಕೈಚಾಚಬೇಕು. ಗಂಡನ ಹೆಸರು ಹೇಳಿದರೆ ಕಣ್ಣೀರು ಹಾಕುವವರು ಸಾವಿರ ಸಿಗುತ್ತಾರೆ, ಚೆಕ್ ಬರೆಯುವವರು ಎಷ್ಟು ಸಿಗುತ್ತಾರೆ ಎಂಬುದು ಚಂದಾ ಎತ್ತಿದ ಯಾವ ಅಭಿಮಾನಿ ಸಂಘದವನಿಗೂ ಗೊತ್ತು.

ಗೌಂಡಿ ಪರಾರಿ!

ಅದೇ 2004ರ ಬೇಸಿಗೆಯಲ್ಲಿ ದೇಶಪಾಂಡೆ ನಗರದಲ್ಲೂ ಒಂದು ಕಟ್ಟಡ ಏಳುತ್ತಿತ್ತು. ಹತ್ತು ಫೂಟು ಅಗಲ, ಹದಿನಾಲ್ಕು ಫೂಟು ಉದ್ದ. ನಮ್ಮ ಮಾಳಿಗೆಯ ಮೇಲೆ!

ನಮ್ಮ ನಗರ ನೋಡದವರಿಗೆ ಎರಡು ಮಾತು. ಗಂಗೂಬಾಯಿ ಹಾನಗಲ್ಲರ ಮನೆ ‘ಗಂಗಾಲಹರಿ’ ಇರುವುದು ಇಲ್ಲೇ. ಅವರ ಗುರುಗಳಾದ ಕುಂದಗೋಳದ ಸವಾಯಿ ಗಂಧರ್ವರ ಹೆಸರಿನ ಸಭಾಂಗಣ ಇರುವುದೂ ಇಲ್ಲೇ. ಹೀಗಾಗಿ ನಮ್ಮ ಓಣಿಗಳಿಗೆ ಹಾಡು, ನಾಟಕ ಹೊಸದಲ್ಲ. ನಮ್ಮಾಕೆಯ ಉದ್ಯೋಗಕ್ಕೂ ಅದೇ ಆಧಾರ. ಸಾಲಿ ಗ್ಯಾದರಿಂಗಿಗೆ, ಹವ್ಯಾಸಿ ನಾಟಕದವರಿಗೆ ಪೋಷಾಕು ಹೊಲಿಯುತ್ತಾಳೆ. ಹನುಮಂತನ ಬಾಲದಿಂದ ಹಿಡಿದು ಕಿತ್ತೂರು ಚೆನ್ನಮ್ಮನ ಸೀರೆಯವರೆಗೆ. ಆಗ ಅವಳ ಹೊಲಿಗೆ ಮಷಿನ್ನು ಪಡಸಾಲೆಯ ಒಂದು ಮೂಲೆಯಲ್ಲಿ, ಉಳಿದ ಮೂರು ಮೂಲೆ ನನ್ನ ಹಳೆಯ ಸಿನಿಮಾ ಪತ್ರಿಕೆಗಳ ಗಂಟು. ಡಿಸೆಂಬರ್ ಬಂತೆಂದರೆ ರಾಮ, ರಾವಣ, ರಾಜಕುಮಾರ್ ಎಲ್ಲರೂ ಒಬ್ಬರ ಮೇಲೊಬ್ಬರು. ಹಾಸಿಗೆ ಹಾಸಲು ಜಾಗ ಇರುತ್ತಿರಲಿಲ್ಲ. ಒಂದು ದೊಡ್ಡ ಸಾಲಿಯವರು ನೂರಿಪ್ಪತ್ತು ಪೋಷಾಕು ಹೊಲಿಯಲು ಕೇಳಿಕೊಂಡು ಬಂದವರು, ಪಡಸಾಲೆ ನೋಡಿ, “ಇಲ್ಲಿ ಆಗೂದಿಲ್ಲ ಬಿಡ್ರಿ” ಎಂದು ಹೋದರು. ಅಂದು ರಾತ್ರಿ ಅವಳು ಊಟ ಮಾಡಲಿಲ್ಲ. ಬೆಳಿಗ್ಗೆ ಎದ್ದು, “ಮ್ಯಾಲೊಂದು ಖೋಲಿ ಕಟ್ಟಸ್ತೇನಿ” ಎಂದಳು.

ದುಡ್ಡು? ಅವಳ ಭಿಶಿಯ ನಲವತ್ತು ಸಾವಿರ. ಆ ನಲವತ್ತು ಸಾವಿರದ ಮೇಲೆ ಒಂದು ಮೋಟರ್‌ಸೈಕಲ್ ಕನಸು ಕಟ್ಟಿದವನು ನಾನು. ಆ ಕನಸು ಅಲ್ಲಿಗೇ ಇಂಟರ್ವಲ್! ಉಳಿದದ್ದಕ್ಕೆ ಸಾಲ. ನಮ್ಮ ಅವ್ವ ಮಾತ್ರ, “ಕಟ್ಟಸವಾ, ಗಂಡಸರನ್ನ ಕೇಳಿ ಯಾರು ಮನಿ ಕಟ್ಯಾರ?” ಎಂದು ಸೊಸೆಯ ಪಾರ್ಟಿ ಸೇರಿದಳು.

ಹುಬ್ಬಳ್ಳಿ ಸುತ್ತಲಿನ ಎರೆ ಮಣ್ಣಿನ ಗುಣ ಗೊತ್ತಿದ್ದವರು ಅವಸರದಲ್ಲಿ ಮಾಳಿಗೆ ಏರಿಸುವುದಿಲ್ಲ. ಮಳೆಗಾಲಕ್ಕೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ, ಮೇಲಿನ ಗೋಡೆ ಅದರ ಜೊತೆ ಕುಣಿಯುತ್ತದೆ. ಅದಕ್ಕೇ ನಮ್ಮ ಸಂಬಂಧಿಕ ಎಂಜಿನಿಯರ್ ಒಬ್ಬರು ಮನೆಯ ಮೂಲೆಯಲ್ಲಿ ಅಗೆಸಿ ನೋಡಿದರು. ಪಾಯಾ ಎರೆ ದಾಟಿ ಗರಸಿನ ಮೇಲೆ ಕೂತಿತ್ತು. “ಒಂದು ಖೋಲಿ ತಡೀತದ” ಎಂದರು. ಅಷ್ಟು ಸಾಕಾಯಿತು ಅವಳಿಗೆ.

ಗೋಡೆ ಎದ್ದವು. ಸ್ಲ್ಯಾಬಿಗೆ ಸೆಂಟ್ರಿಂಗ್ ಕಟ್ಟಿ, ಕಬ್ಬಿಣ ಹಾಸಿ, ಮುಂಗಡ ಹಣ ಇಸಕೊಂಡ ಗೌಂಡಿ ಮರುದಿನದಿಂದ ಪತ್ತೆಯಿಲ್ಲ! ಫೋನು ಎತ್ತುವುದಿಲ್ಲ. ಮೇ ತಿಂಗಳು. ಸಂಜೆಯಾದರೆ ಮೋಡ ಕಟ್ಟುತ್ತಿತ್ತು. ಇಸಕೊಂಡ ಸಾಲಕ್ಕೆ ಬಡ್ಡಿ ಓಡುತ್ತಿತ್ತು. ಬಯಲಲ್ಲಿ ಬಿದ್ದ ಕಬ್ಬಿಣಕ್ಕೆ ಜಂಗು. ಬೇರೆ ಗೌಂಡಿ ಹುಡುಕೋಣ ಎಂದೆ. ಅವಳು ಹಳೇ ಹುಬ್ಬಳ್ಳಿಯಲ್ಲಿ ಆತನ ಮನೆ ಪತ್ತೆ ಹಚ್ಚಿ, ಬುತ್ತಿ ಕಟ್ಟಿಕೊಂಡು ಹೋಗಿ ಅವನ ಕಟ್ಟೆಯ ಮೇಲೆ ಕೂತಳು. ಬೈಯಲಿಲ್ಲ, ಕೂಗಾಡಲಿಲ್ಲ. ಕೈಯಲ್ಲಿ ಒಂದು ನಾಟಕದ ಜರಿ ಅಂಗಿ, ಅದಕ್ಕೆ ಗುಂಡಿ ಹಚ್ಚುತ್ತ ಕೂತಳು. ಮೊದಲ ದಿನ ಗೌಂಡಿಯ ಹೆಂಡತಿ ಚಹಾ ಕೊಟ್ಟಳು. ಎರಡನೇ ದಿನ ಊಟಕ್ಕೆ ಕರೆದಳು. ಮೂರನೇ ದಿನ ಗಂಡನಿಗೆ ಅವಳೇ ಝಾಡಿಸಿದಳಂತೆ. ನಾಲ್ಕನೇ ದಿನ ಬೆಳಿಗ್ಗೆ ಏಳಕ್ಕೆ ನಮ್ಮ ಬಾಗಿಲಲ್ಲಿ ಗೌಂಡಿ, ಹಿಂದೆ ಆರು ಆಳು, ಖಡಿ, ಉಸುಕು!

ಸ್ಲ್ಯಾಬ್ ಬಿತ್ತು. ಅಲ್ಲಿಂದ ಎರಡನೇ ಯುದ್ಧ. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಎಂದು ನಾವು ತಿಳಿದಿರುತ್ತೇವೆ. ಹಾಗಲ್ಲ, ಅದು ನೀರು ಕುಡಿದು ಗಟ್ಟಿಯಾಗುವ ವಸ್ತು. ನೀರು ಆರಿದರೆ ಗಟ್ಟಿಯಾಗುವುದು ಅಲ್ಲಿಗೇ ನಿಲ್ಲುತ್ತದೆ, ಬಿರುಕು ಶುರುವಾಗುತ್ತದೆ. ಪೂರ್ತಿ ಬಲಕ್ಕೆ 28 ದಿನದ ಲೆಕ್ಕ. ಆದರೆ ಮಲಪ್ರಭೆಯನ್ನೂ ನೀರಸಾಗರವನ್ನೂ ನಂಬಿದ ನಮ್ಮ ಊರಿನಲ್ಲಿ ಆ ಬೇಸಿಗೆಗೆ ವಾರಕ್ಕೊಮ್ಮೆ ನಲ್ಲಿ ಬಂದರೆ ಹಬ್ಬ. ಕುಡಿಯಲು ನೀರಿಲ್ಲ, ಮಾಳಿಗೆಗೆ ಎಲ್ಲಿಂದ? ಅವಳು ಸ್ಲ್ಯಾಬಿನ ಸುತ್ತ, ನಡುವೆ ಮಣ್ಣಿನ ಸಣ್ಣ ಒಡ್ಡು ಕಟ್ಟಿ ಗದ್ದೆಯ ಮಡಿಯ ಹಾಗೆ ಮಾಡಿದಳು. ಬಾಜೂ ಮನೆಯವರ ಬೋರಿನಿಂದ ದಿನಕ್ಕೆ ಇಪ್ಪತ್ತು ಕೊಡ, ನಿಚ್ಚಣಿಕೆ ಹತ್ತಿ. ಬೆಳಿಗ್ಗೆ ಹತ್ತು, ಸಂಜೆ ಹತ್ತು. ಅದರ ಬದಲಿಗೆ ಬೋರಿನ ಮನೆಯವರ ಮೂರು ಹೆಣ್ಣುಮಕ್ಕಳಿಗೂ ಆ ವರ್ಷ ಫ್ರಾಕು ಪುಕ್ಕಟೆ. ಸಂಜೆಯ ಹತ್ತು ಕೊಡಗಳಲ್ಲಿ ನನ್ನ ಪಾಲೂ ಇತ್ತು ಎಂದು ದಾಖಲೆಗಾಗಿ ಹೇಳಿಬಿಡುತ್ತೇನೆ.

ಎಂಟನೇ ದಿನ ಗೌಂಡಿ ಸೆಂಟ್ರಿಂಗ್ ಬಿಚ್ಚಲು ಬಂದ. ಆ ಹಲಗೆ ಇನ್ನೊಂದು ಕಡೆ ಬೇಕಿತ್ತು.

“ಅಕ್ಕಾರ, ಇಪ್ಪತ್ತು ವರ್ಷದಿಂದ ಸ್ಲ್ಯಾಬ್ ಹಾಕ್ತೇನ್ರೀ ನಾ. ಏನೂ ಆಗೂದಿಲ್ಲ.”

“ನಾ ಮೊದಲ್ನೇ ಸಲ ಹಾಕ್ಸಾಕತ್ತೇನಿ. ಇಪ್ಪತ್ತೊಂದು ದಿವಸ ಆಗ್ಲಿ.”

“ಸಣ್ಣ ಖೋಲಿಗೆ ಇಪ್ಪತ್ತೊಂದು ದಿವಸ ಯಾಕ್ರೀ?”

“ನನಗ ಸಣ್ಣದಲ್ಲ ಅದು.”

ನಿಚ್ಚಣಿಕೆ ಒಳಗೆ ತಂದು ಬಾಗಿಲು ಹಾಕಿಕೊಂಡಳು. ಇಪ್ಪತ್ತೊಂದು ದಿನವೇ ಆಯಿತು. ಜೂನ್ ಮಳೆ ಹಿಡಿದಾಗ ಕೆಳಗೆ ನಿಂತು ಛತ್ತು ನೋಡುತ್ತಿದ್ದಳು, ಒಂದು ಹನಿ ಇಳಿಯಲಿಲ್ಲ.

ಫಾಲ್ಕೆ ಮನೆಯ ಅಡುಗೆಮನೆ

ಸಿನಿಮಾ ಪತ್ರಿಕೆಯಲ್ಲಿ ಸಿಮೆಂಟಿನ ಪುರಾಣ ಯಾಕೆ ಎಂದು ಬೈಯಬೇಡಿ. ನಮ್ಮ ದೇಶದಲ್ಲಿ ಸಿನಿಮಾ ಹುಟ್ಟಿದ್ದೇ ಮನೆಯೊಳಗೆ, ಅದೂ ಒಬ್ಬ ಹೆಂಡತಿಯ ಹಟದ ಮೇಲೆ! ಅಣ್ಣಾವ್ರಿಗೆ ಬಂದ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಎಲ್ಲರಿಗೂ ಗೊತ್ತು. ಸರಸ್ವತಿಬಾಯಿ ಫಾಲ್ಕೆ ಎಷ್ಟು ಜನಕ್ಕೆ ಗೊತ್ತು?

1911ರಲ್ಲಿ ಮುಂಬಯಿಯ ಗಿರಗಾಂವದಲ್ಲಿ ಏಸುಕ್ರಿಸ್ತನ ಚಿತ್ರ ನೋಡಿ ಬಂದ ಫಾಲ್ಕೆಗೆ ಹುಚ್ಚು ಹಿಡಿಯಿತು. ಹೆಂಡತಿಯನ್ನೂ ಕರೆದೊಯ್ದು ತೋರಿಸಿದರು. ಆತ ವಿಮೆ ಪಾಲಿಸಿ ಒತ್ತೆಯಿಟ್ಟು ಲಂಡನ್ನಿಗೆ ಹೋಗಿ 1912ರಲ್ಲಿ ಕ್ಯಾಮರಾ ತಂದರು. ಆಗ ಫಿಲ್ಮು ತೂತಿಲ್ಲದ ಪಟ್ಟಿಯಾಗಿ ಬರುತ್ತಿತ್ತು. ಅಂಚಿನ ತೂತುಗಳನ್ನು ಕತ್ತಲೆಯಲ್ಲಿ ಕೂತು ಹಾಕಬೇಕು. ಬೆಳಕು ಸೋಕಿದರೆ ಫಿಲ್ಮು ಹಾಳು. ಹಗಲು ಅರವತ್ತು ಎಪ್ಪತ್ತು ಜನಕ್ಕೆ ಅಡುಗೆ, ರಾತ್ರಿ ದೀಪ ಆರಿಸಿ ಆ ತೂತು ಹಾಕಿದ್ದು, ಔಷಧ ಕಲಸಿ ಫಿಲ್ಮು ತೊಳೆದದ್ದು ಸರಸ್ವತಿಬಾಯಿ. ಬಿಸಿಲಲ್ಲಿ ಬಿಳಿ ಚಾದರ ಹಿಡಿದು ನಟರ ಮುಖಕ್ಕೆ ಬೆಳಕು ಬೀಳಿಸಿದ್ದೂ ಆಕೆಯೇ. ಒಡವೆಗಳನ್ನೂ ಕೊಟ್ಟಳು. ತಾರಾಮತಿ ಪಾತ್ರ ಮಾಡು ಎಂದಾಗ ಮಾತ್ರ ಒಲ್ಲೆ ಎಂದಳು. ನಾನು ಬಣ್ಣ ಹಚ್ಚಿದರೆ ಉಳಿದ ಕೆಲಸ ಯಾರು ಮಾಡಬೇಕು? ಕೊನೆಗೆ ತಾರಾಮತಿಯಾದದ್ದು ಸಾಳುಂಕೆ ಎಂಬ ಗಂಡಸು. 1913ರ ಮೇ 3ರಂದು ಕಾರೊನೇಷನ್ ಸಿನಿಮಾದಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಕಂಡಿತು. ಈ ಸಂಸಾರದ ಕತೆಯನ್ನೇ 2009ರ ಮರಾಠಿ ಚಿತ್ರ ‘ಹರಿಶ್ಚಂದ್ರಾಚಿ ಫ್ಯಾಕ್ಟರಿ’ ನಗಿಸುತ್ತ ಹೇಳಿದೆ. ಸಿಕ್ಕರೆ ಬಿಡಬೇಡಿ.

ಬೆಂಗಳೂರಿನ ಮೂರನೇ ಬೆಲ್

2004ರ ಅಕ್ಟೋಬರಿನಲ್ಲಿ ‘ರಂಗಶಂಕರ’ ತೆರೆದ ಸುದ್ದಿ ಪೇಪರಿನಲ್ಲಿ ಬಂದಾಗ ನಮ್ಮಾಕೆ ಅರುಂಧತಿಯವರ ಫೋಟೋ ಕತ್ತರಿಸಿ ತನ್ನ ಹೊಸ ಖೋಲಿಯ ಗೋಡೆಗೆ ಅಂಟಿಸಿದಳು. ನನ್ನ ಸಂಗ್ರಹದ ಶಂಕರ್‌ನಾಗ್ ಬಣ್ಣದ ಪೋಸ್ಟರ್ ಕೊಡುತ್ತೇನೆ ಎಂದರೂ ಬೇಡವೆಂದಳು. “ಇಕಿ ಸಾಕು.” ಮುಂದಿನ ವರ್ಷ ‘ಜೋಗಿ’ ಬಂತು. ಟಾಕೀಸಿನಲ್ಲಿ ಎಲ್ಲರೂ ಶಿವಣ್ಣನಿಗೆ ಸೀಟಿ ಹೊಡೆದರೆ, ಬಾಲ್ಕನಿಯಲ್ಲಿ ಒಬ್ಬ ಹೆಣ್ಣುಮಗಳು ಮಾತ್ರ ತಾಯಿ ತೆರೆಗೆ ಬಂದಾಗಲೆಲ್ಲ ಚಪ್ಪಾಳೆ ತಟ್ಟುತ್ತಿದ್ದಳು. ನಾನು ಕುರ್ಚಿಯಲ್ಲಿ ಕುಗ್ಗಿ ಕೂತಿದ್ದೆ!

ಆ ಚಳಿಗಾಲ ಅವಳ ಹಟಕ್ಕೇ ಬೆಂಗಳೂರಿಗೆ ಹೊರಟೆವು. ರಾತ್ರಿ ಬಸ್ಸು. ದಾವಣಗೆರೆ ದಾಟಿದ ಮೇಲೆ ಕಿಟಕಿ ಸರಿಸಿ ಕತ್ತಲು ನೋಡುತ್ತ ಕೂತಳು. ಆನಗೋಡು ಬಂದಾಗ ನಾನು ತೋರಿಸಿದೆ. ಇಬ್ಬರೂ ಏನೂ ಮಾತಾಡಲಿಲ್ಲ.

ರಂಗಶಂಕರದ ಕಟ್ಟುನಿಟ್ಟು ನಮ್ಮ ಟಾಕೀಸುಗಳಿಗೆ ಬಂದರೆ ಅರ್ಧ ಜನ ಸಿನಿಮಾ ಬಿಡುತ್ತಾರೆ. ಏಳೂವರೆ ಎಂದರೆ ಏಳೂವರೆ. ಬಾಗಿಲು ಹಾಕಿತೆಂದರೆ ಮಂತ್ರಿ ಬಂದರೂ ಇಲ್ಲ, ಮಠಾಧೀಶರು ಬಂದರೂ ಇಲ್ಲ. ಒಳಗೆ ತಿಂಡಿ ಇಲ್ಲ. ಹೊರಗೆ ಕೆಫೆಯಿದೆ, ಅಕ್ಕಿರೊಟ್ಟಿ, ಸಾಬುದಾನಿ ವಡೆ ಎರಡಕ್ಕೂ ಹೆಸರುವಾಸಿ. ವಡೆಗೆ ನನ್ನ ವೋಟು. ಸೀಟು 300ಕ್ಕೂ ಮಿಕ್ಕಿ, ಮೆಟ್ಟಿಲು ಮೆಟ್ಟಿಲಾಗಿ ಇಳಿದು ರಂಗಕ್ಕೆ ತಾಗಿಕೊಂಡಿವೆ. ಮೈಕ್ ಬೇಡ, ನಟ ಉಸಿರೆಳೆದರೂ ಕೊನೆಯ ಸಾಲಿಗೆ ಕೇಳುತ್ತದೆ. ದಿನಕ್ಕೊಂದು ನಾಟಕ, ಸೋಮವಾರ ಬಿಟ್ಟು. ಇಂಥ ಲೆಕ್ಕ ಇಟ್ಟುಕೊಂಡು ನಡೆಸುವುದು ಕಟ್ಟುವುದಕ್ಕಿಂತ ಕಷ್ಟ ಎಂದು ನನ್ನ ಅಭಿಪ್ರಾಯ. ಕಟ್ಟುವಾಗ ಒಂದು ದಿನ ಮುಗಿಯುತ್ತದೆಂಬ ಆಸೆಯಾದರೂ ಇರುತ್ತದೆ. ಆಕೆ ನಡೆಸುತ್ತಲೇ ಸಿನಿಮಾದಲ್ಲೂ ನಟಿಸಿದರು. 2009ರ ಹಿಂದಿ ‘ಪಾ’ದ ಅಜ್ಜಿಯ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ, 2010ಕ್ಕೆ ಪದ್ಮಶ್ರೀ.

ನಾವು ಹೋದ ದಿನ ಗಿರೀಶ ಕಾರ್ನಾಡರ ‘ಒಡಕಲು ಬಿಂಬ’. ರಂಗದ ಮೇಲೆ ಅರುಂಧತಿ ಒಬ್ಬರೇ, ಎದುರಿಗೆ ಟಿ.ವಿ. ಪರದೆಯ ಮೇಲೆ ಅವರದೇ ಬಿಂಬ, ಎರಡಕ್ಕೂ ವಾಗ್ವಾದ. ಬೆಲ್ ಆಗುವ ಮುಂಚೆ ನಮ್ಮಾಕೆ ಎಲ್ಲಿ ಹೋದಳೆಂದು ನೋಡಿದರೆ, ಹೊರಗಿನ ಗೋಡೆಯ ಹತ್ತಿರ ನಿಂತು ಬೆರಳಿನ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು ನೋಡುತ್ತಿದ್ದಳು. ಸುತ್ತಲಿನ ಬೆಂಗಳೂರಿನವರು ಇವಳನ್ನೇ ನೋಡುತ್ತಿದ್ದರು.

“ಏನ್ ಮಾಡಾಕತ್ತೀದಿ? ಜನ ನೋಡ್ತಾರ.”

“ನೋಡ್ಲಿ. ಕ್ಯೂರಿಂಗ್ ಚಲೋ ಮಾಡ್ಸ್ಯಾರ್ರೀ.”

ಮೂರನೇ ಬೆಲ್ ಆಯಿತು. ನಮ್ಮ ಹಿಂದೆಯೇ ಬಾಗಿಲು ಮುಚ್ಚಿತು. ಕೂತ ಮೇಲೂ ನಾನು ಏನೋ ಹೇಳಲು ಹೋದೆ. “ಸುಮ್ಕ ಕೂಡ್ರಿ, ಸುರು ಆತು” ಎಂದಳು.